ಆ ‘ಹೂಂ’ ಯಾರದ್ದು? ಮಾಟಗಾತಿ-ಡೀಮನ್ ಪ್ರೇಮಕಥೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲಿವೆ. ಇತಿಹಾಸ, ಮಾಯೆ, ಪ್ರೇಮ ಮೂರನ್ನೂ ಕಲಸಿ ಬರೆದ ಕಾದಂಬರಿಗಳು. ಸುಮಾರು 1500ರಿಂದ 1700ರ ನಡುವಿನ ಯುರೋಪು. ಒಬ್ಬ ಹೆಣ್ಣಿನ ಮೇಲೆ ಮಾಟಗಾತಿ ಎಂಬ ಆರೋಪ. ಅವಳನ್ನು ಹುಡುಕಿಕೊಂಡು ಬರುವ ಒಬ್ಬ ಡೀಮನ್. ಇಬ್ಬರ ನಡುವೆ ಮೊದಲು ಕರಾರು, ಆಮೇಲೆ ಪ್ರೀತಿ. ನನಗೂ ಇಂಥ ಕಾದಂಬರಿಗಳೆಂದರೆ ಪ್ರಾಣ. ಅದಕ್ಕೇ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು, ಈ ಪುಟವನ್ನು ಪೂರ್ತಿ ಇವಕ್ಕೇ ಕೊಟ್ಟಿದ್ದೇನೆ.

ಶುರುವಿನಲ್ಲೇ ಒಂದು ಮಾತು. ‘ಡೀಮನ್’ ಪದವನ್ನು ಹಾಗೇ ಇಟ್ಟಿದ್ದೇನೆ. ದೆವ್ವ ಅಂದರೆ ನಮಗೆ ಸತ್ತವರು ನೆನಪಾಗುತ್ತಾರೆ. ರಾಕ್ಷಸ ಅಂದರೆ ಮೈಕಟ್ಟಿನ ಭಾರೀ ಆಳು. ಈ ಕಥೆಗಳ ಡೀಮನ್ ಎರಡೂ ಅಲ್ಲ. ಅವನು ಎಂದೂ ಮನುಷ್ಯನಾಗಿ ಹುಟ್ಟಿದವನಲ್ಲ, ಅವನಿಗೆ ಸ್ವಂತ ಮೈಯೂ ಇಲ್ಲ. ಕ್ರೈಸ್ತ ಪಂಡಿತರ ಪ್ರಕಾರ ಅವನು ಸ್ವರ್ಗದಿಂದ ಬಿದ್ದ ದೇವದೂತ, ಬೇಕಾದಾಗ ಗಾಳಿಯನ್ನೇ ಗಟ್ಟಿ ಮಾಡಿ ಒಂದು ದೇಹ ಕಟ್ಟಿಕೊಳ್ಳುತ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ: ಮೇಡಂ, ಮಾಟಗಾತಿಗೆ ಜೋಡಿಯಾಗಿ ಯಾವಾಗಲೂ ಡೀಮನ್ನೇ ಬರುತ್ತಾನಲ್ಲ, ಯಾಕೆ? ಇದು ಈಗಿನ ಲೇಖಕರ ಕಲ್ಪನೆಯಾ, ಹಿಂದೆಯೂ ಹೀಗೇ ನಂಬಿದ್ದರಾ? ಇದು ಯಾವುದರ ಸಂಕೇತ?

ಉತ್ತರ: ಹಿಂದೆಯೂ ನಂಬಿದ್ದರು. ಆದರೆ ಆ ನಂಬಿಕೆಯನ್ನು ಕಾಗದದ ಮೇಲೆ ಇಳಿಸಿದವರು ಯಾರು ಅಂತ ನೋಡಬೇಕು. ನಾವು ಇವತ್ತು ದಿಂಬಿಗೆ ಒರಗಿಕೊಂಡು ಓದುವ ಈ ಪ್ರೇಮಕಥೆಯ ಮೊದಲ ಕರಡು ಸಿಗುವುದು ವಿಚಾರಣೆಯ ಕಡತಗಳಲ್ಲಿ.

1485ರಲ್ಲಿ ಹೈನ್‌ರಿಷ್ ಕ್ರಾಮರ್ ಎಂಬ ಡೊಮಿನಿಕನ್ ಪಾದ್ರಿ ಮಾಟಗಾತಿಯರನ್ನು ಹಿಡಿಯಲೆಂದು ಇನ್ಸ್‌ಬ್ರುಕ್ ಊರಿಗೆ ಬಂದ. ಹೆಲೆನಾ ಶೋಯ್ಬೆರಿನ್ ಎಂಬ ಹೆಂಗಸು ಅವನ ಪ್ರವಚನಕ್ಕೆ ಹೋಗಲಿಲ್ಲ, ಸಾಲದ್ದಕ್ಕೆ ಎದುರಿಗೇ ಬೈದಳು. ಅವಳನ್ನೂ ಇನ್ನೂ ಕೆಲವು ಹೆಂಗಸರನ್ನೂ ಅವನು ವಿಚಾರಣೆಗೆ ಎಳೆದ. ಅಲ್ಲಿ ಅವನು ಕೆದಕಿ ಕೆದಕಿ ಕೇಳಿದ್ದು ಮಾಟದ ಬಗ್ಗೆ ಅಲ್ಲ, ಅವಳ ಹಾಸಿಗೆಯ ಬಗ್ಗೆ. ಬಿಷಪ್ ಕಡೆಯವರಿಗೇ ಇದು ಅತಿಯಾಯಿತು, ಈ ಪ್ರಶ್ನೆಗೂ ಮೊಕದ್ದಮೆಗೂ ಏನು ಸಂಬಂಧ ಅಂದರು. ಹೆಂಗಸರೆಲ್ಲ ಬಿಡುಗಡೆಯಾದರು, ಅವನಿಗೆ ಊರು ಬಿಡು ಎಂದು ಹೇಳಿದರು. ಸೋತು ಹೋದ ಆ ಮನುಷ್ಯ ಕೂತು ಬರೆದ ಪುಸ್ತಕವೇ ‘ಮಾಟಗಾತಿಯರ ಸುತ್ತಿಗೆ’. 1486ರ ಹೊತ್ತಿಗೆ ಅಚ್ಚಾಯಿತು. ಎಲ್ಲ ಮಾಟಕ್ಕೂ ಮೂಲ ಹೆಣ್ಣಿನ ತೀರದ ಕಾಮ, ಅದಕ್ಕೇ ಅವರು ಡೀಮನ್‌ಗಳ ಜೊತೆ ಮಲಗುತ್ತಾರೆ ಅಂತ ಅದರಲ್ಲಿ ಬರೆದ. ಅಂದರೆ ಆ ಪುಸ್ತಕದ ಹಿಂದೆ ಇದ್ದದ್ದು, ತನಗೆ ಎದುರು ಮಾತಾಡಿದ ಒಬ್ಬ ಹೆಣ್ಣಿನ ಮೇಲಿನ ಸಿಟ್ಟು ಕೂಡ.

ಇನ್ನೊಂದು ಕಥೆ ಹೇಳುತ್ತೇನೆ, ಇದು ನನ್ನನ್ನು ಬಿಡದೆ ಕಾಡಿದ್ದು. 1628, ಜರ್ಮನಿಯ ಬಾಂಬೆರ್ಗ್. ಯೋಹಾನ್ನೆಸ್ ಯೂನಿಯಸ್ ಅಂತ ಆ ಊರಿನ ಮೇಯರ್, ವಯಸ್ಸು 55. ಅವನ ಹೆಂಡತಿಯನ್ನು ಆಗಲೇ ಮಾಟಗಾತಿ ಅಂತ ಕೊಂದಿದ್ದರು. ಅವನನ್ನೂ ಹಿಡಿದರು. ಮೊದಲು ಇಲ್ಲ, ಇಲ್ಲ ಅಂದ. ಚಿತ್ರಹಿಂಸೆ ಆದ ಮೇಲೆ ಒಂದು ಕಥೆ ಒಪ್ಪಿಸಿದ. ಏನಂತ? 1624ರ ಆಗಸ್ಟ್ ತಿಂಗಳು, ಕೋರ್ಟು ವ್ಯಾಜ್ಯದಲ್ಲಿ 600 ಫ್ಲೋರಿನ್ ಕೈಬಿಟ್ಟು ಹೋಗಿತ್ತು, ತೋಟದಲ್ಲಿ ಯೋಚನೆ ಮಾಡುತ್ತ ಕೂತಿದ್ದೆ, ಹುಲ್ಲು ಕೊಯ್ಯುವ ಹುಡುಗಿಯ ಹಾಗೆ ಕಾಣುವ ಒಬ್ಬಳು ಬಂದು ಯಾಕಿಷ್ಟು ಬೇಜಾರಲ್ಲಿದ್ದೀಯಾ ಅಂತ ಕೇಳಿದಳು, ಮಾತಿನಲ್ಲೇ ಮರುಳು ಮಾಡಿದಳು, ಆಮೇಲೆ ಮೇಕೆಯಾಗಿ ಬದಲಾಗಿ, ನಿನ್ನ ಜೊತೆ ಇದ್ದದ್ದು ಯಾರು ಅಂತ ಈಗ ಗೊತ್ತಾಯಿತಾ, ನೀನು ನನ್ನವನಾಗದಿದ್ದರೆ ಕುತ್ತಿಗೆ ಮುರಿಯುತ್ತೇನೆ ಅಂದಳು.

ನೋಡಿ, ಕಾದಂಬರಿಯ ಮೊದಲ ಅಧ್ಯಾಯದ ಹಾಗೇ ಇದೆ ಅಲ್ವಾ? ಒಂಟಿತನ, ತೋಟ, ಗುರುತಿಲ್ಲದ ಚೆಲುವೆ, ಕನಿಕರದ ಒಂದು ಪ್ರಶ್ನೆ, ರೂಪ ಬದಲಾವಣೆ, ‘ನೀನು ನನ್ನವನು’ ಎಂಬ ಮಾತು. ಎಲ್ಲ ಇದೆ. ಆದರೆ ಅದೇ ಯೂನಿಯಸ್ ಜುಲೈ 24ರಂದು ಮಗಳು ವೆರೋನಿಕಾಗೆ ಜೈಲಿನಿಂದ ಕದ್ದು ಒಂದು ಪತ್ರ ಕಳಿಸಿದ. ಅದು ಉಳಿದುಕೊಂಡಿದೆ. ನಾನು ಹೇಳಿದ್ದೆಲ್ಲ ಸುಳ್ಳು ಮಗಳೇ, ಹೇಳಲೇಬೇಕಾಯಿತು ಅಂತ ಬರೆದಿದ್ದಾನೆ. ಎಂಟು ಸಲ ಹಗ್ಗಕ್ಕೆ ಕಟ್ಟಿ ಮೇಲಕ್ಕೆಳೆದು ಕೆಳಗೆ ಬಿಟ್ಟರು. ಕೊನೆಗೆ ಹಿಂಸೆ ಕೊಡುವವನೇ ಕನಿಕರಪಟ್ಟು, ಸ್ವಾಮಿ, ದೇವರಾಣೆ, ನಿಜವೋ ಸುಳ್ಳೋ ಏನಾದರೂ ಒಂದು ಹೇಳಿಬಿಡಿ, ಇದನ್ನು ನೀವು ತಡೆದುಕೊಳ್ಳಲಾರಿರಿ ಅಂತ ಬೇಡಿಕೊಂಡನಂತೆ. ಆ ಪತ್ರ ಬರೆಯಲು ಅವನಿಗೆ ಹಲವು ದಿನ ಹಿಡಿಯಿತು, ಯಾಕೆಂದರೆ ಎರಡೂ ಕೈಗಳಲ್ಲಿ ಸ್ವಾಧೀನ ಉಳಿದಿರಲಿಲ್ಲ. ನಾನು ಇದನ್ನು ಮೊದಲ ಸಲ ಓದಿದ ದಿನ ಬೇರೆ ಏನನ್ನೂ ಓದಲಾಗಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಡೀಮನ್ ಪ್ರಿಯಕರ ಎಂಬ ಕಥೆಗೆ ಅಂದು ಜನರ ಬಾಯಿಂದ ‘ಹೂಂ’ ಅನ್ನಿಸಿದ್ದು ಹಗ್ಗ ಮತ್ತು ಕಬ್ಬಿಣ. ಇಂದಿನ ಕಾದಂಬರಿ ಅದೇ ಕಥೆಯನ್ನು ಎತ್ತಿಕೊಂಡು, ಅದೇ ತೋಟದಲ್ಲಿ ಅದೇ ಮನುಷ್ಯರನ್ನು ಕೂರಿಸಿ, ಈಗ ಯಾರೂ ಕೈ ತಿರುಚದೆ ಕೇಳಿದರೆ ನೀನು ಏನು ಹೇಳುತ್ತೀಯಾ ಅಂತ ಹೆಣ್ಣನ್ನು ಕೇಳುತ್ತದೆ. ಒಳ್ಳೆಯ ಕಾದಂಬರಿಯಲ್ಲಿ ಆ ‘ಹೂಂ’ ಅವಳದ್ದಾಗಿರುತ್ತದೆ. ಕೆಟ್ಟದ್ದರಲ್ಲಿ ಅವಳ ಕೈ ಇನ್ನೂ ಕಟ್ಟಿಯೇ ಇರುತ್ತದೆ, ಹಗ್ಗದ ಬದಲು ರೇಷ್ಮೆ ದಾರ, ಅಷ್ಟೇ. ಈ ಬಗೆಯ ಯಾವ ಸಂಕೇತವನ್ನೇ ಹಿಡಿದರೂ ನಾನು ಇದೊಂದನ್ನೇ ನೋಡುತ್ತೇನೆ: ಒಪ್ಪಿದ್ದು ಯಾರು, ಒಪ್ಪಿಸಿದ್ದು ಯಾರು.

ಪ್ರಶ್ನೆ: ರಕ್ತದಲ್ಲಿ ಸಹಿ ಹಾಕುವ ದೃಶ್ಯ ಪ್ರತಿ ಕಥೆಯಲ್ಲೂ ಇರುತ್ತದೆ. ಬರೀ ರೋಮಾಂಚನಕ್ಕಾ, ಒಳಗೆ ಅರ್ಥ ಇದೆಯಾ?

ಉತ್ತರ: ತುಂಬಾ ಇದೆ. ಸೈತಾನನಿಗೆ ಬರೆದುಕೊಡುವ ಪತ್ರದ ಕಥೆ ತುಂಬಾ ಹಳೆಯದು. ಅದಾನಾ ಊರಿನ ಥಿಯೋಫಿಲಸ್ ಎಂಬ ಪಾದ್ರಿಯ ದಂತಕಥೆಯಲ್ಲೇ ಅದು ಬರುತ್ತದೆ. 1587ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸೈತಾನನಿಗೆ ಆತ್ಮ ಮಾರಿಕೊಂಡ ಪಂಡಿತ ಡಾಕ್ಟರ್ ಫೌಸ್ಟನ ಕಥೆ ಅಚ್ಚಾದಾಗ ರಕ್ತದ ಸಹಿ ಮನೆಮಾತಾಯಿತು. 1634ರಲ್ಲಿ ಫ್ರಾನ್ಸಿನ ಲೂದಾಂ ಊರಿನಲ್ಲಿ ಊರ್ಬಾನ್ ಗ್ರಾಂಡಿಯೇ ಎಂಬ ಪಾದ್ರಿಯನ್ನು ಸುಟ್ಟರು. ಅವನ ವಿರುದ್ಧ ಸಾಕ್ಷಿ ಅಂತ ಒಂದು ಕರಾರು ಪತ್ರ ತೋರಿಸಿದರು. ಲ್ಯಾಟಿನ್‌ನಲ್ಲಿ, ಹಿಂದುಮುಂದಾಗಿ ಬರೆದದ್ದು, ಕೆಳಗೆ ಡೀಮನ್‌ಗಳ ಸಹಿ.

ಆದರೆ ಫೌಸ್ಟ್, ಗ್ರಾಂಡಿಯೇ ಇಬ್ಬರೂ ಓದು ಬಲ್ಲ ಗಂಡಸರು. ಹೆಣ್ಣಿನ ಸಹಿಯ ತೂಕವೇ ಬೇರೆ. ಅಂದಿನ ಇಂಗ್ಲೆಂಡಿನ ಕಾನೂನು ನೋಡಿ. ಮದುವೆಯಾದ ಹೆಣ್ಣು ಸಾಮಾನ್ಯವಾಗಿ ತನ್ನ ಹೆಸರಿನಲ್ಲಿ ಒಂದು ಕರಾರೂ ಮಾಡಿಕೊಳ್ಳುವಂತಿರಲಿಲ್ಲ, ಕಾನೂನಿನ ಕಣ್ಣಲ್ಲಿ ಅವಳು ಗಂಡನೊಳಗೆ ಕರಗಿಹೋದವಳು. ಅದು ದೊಡ್ಡ ಮಟ್ಟದಲ್ಲಿ ಬದಲಾಗಲು 1882ರ ಕಾಯ್ದೆ ಬರಬೇಕಾಯಿತು. ಗಂಡನ ಒಪ್ಪಿಗೆಯಿಲ್ಲದೆ ಒಂದು ಹಸು ಮಾರಲಾಗದವಳ ಮುಂದೆ ಯಾರೋ ಒಬ್ಬ ಕಾಗದ ಬಿಡಿಸಿ, ಇಲ್ಲಿ ನಿನ್ನ ಸಹಿ ಬೇಕು, ನಿನ್ನದು ಮಾತ್ರ ಅನ್ನುತ್ತಾನೆ. ಅವಳನ್ನು ಪೂರ್ತಿ ಮನುಷ್ಯಳು ಅಂತ ಲೆಕ್ಕಕ್ಕೆ ಹಿಡಿದವನು ಅವನೊಬ್ಬನೇ! ಆ ದೃಶ್ಯದ ಸೆಳೆತ ಅಲ್ಲಿದೆ, ರಕ್ತದಲ್ಲಿ ಅಲ್ಲ. ಅವಳ ಆತ್ಮ ಅವಳದ್ದು ಆಗಿದ್ದರೆ ತಾನೆ ಅವಳು ಅದನ್ನು ಮಾರಬಹುದು?

1692ರಲ್ಲಿ ಅಮೆರಿಕದ ಸೇಲಂನಲ್ಲಿ ಟಿಟುಬಾ ಎಂಬ ಗುಲಾಮ ಹೆಣ್ಣು ವಿಚಾರಣೆಯಲ್ಲಿ, ಸೈತಾನನ ಪುಸ್ತಕದಲ್ಲಿ ಜನ ಸಹಿಯಾಗಿ ಹಾಕಿದ ಒಂಬತ್ತು ಗುರುತುಗಳನ್ನು ತಾನು ನೋಡಿದೆ ಅಂದಳು. ಹಾಗಾದರೆ ಉಳಿದವರು ಯಾರು ಅಂತ ಊರೆಲ್ಲ ಹುಡುಕಾಟ ಶುರುವಾಯಿತು. ಸೇಲಂನಲ್ಲಿ ಇನ್ನೊಂದು ಸಂಗತಿ ಇದೆ, ಕಾದಂಬರಿ ಬರೆಯುವವರು ಇದನ್ನು ಜಾಸ್ತಿ ಬಳಸಿಕೊಂಡಿಲ್ಲ ಅಂತ ನನಗೆ ಬೇಸರ. ಅಲ್ಲಿ ‘ಹೌದು, ನಾನು ಮಾಟಗಾತಿ’ ಅಂದವರು ಉಳಿದುಕೊಂಡರು. ‘ಇಲ್ಲ’ ಅಂತ ಕೊನೆಯವರೆಗೂ ನಿಂತವರನ್ನು ಗಲ್ಲಿಗೆ ಹಾಕಿದರು, 19 ಜನರನ್ನು. ಮಾಡದ ಸಹಿಯನ್ನು ಮಾಡಿದೆ ಅಂದರೆ ಜೀವ ಉಳಿಯುತ್ತದೆ, ಮಾಡಿಲ್ಲ ಅಂದರೆ ಹೋಗುತ್ತದೆ. ಇದಕ್ಕಿಂತ ಗಟ್ಟಿಯಾದ ಕಥಾವಸ್ತು ಯಾವ ಡೀಮನ್ ತಂದುಕೊಡಬೇಕು?

ಪ್ರಶ್ನೆ: ಡೀಮನ್ ನಾಯಕ ಯಾವಾಗಲೂ ಬೆಂಕಿ, ಅವನ ಮೈ ಮುಟ್ಟಿದರೆ ಸುಡುತ್ತದೆ. ಬೆಂಕಿ ಅಂದರೆ ಕಾಮದ ಸಂಕೇತ ಅಂತ ನಾನು ಟಿಪ್ಪಣಿ ಬರೆದುಕೊಂಡಿದ್ದೇನೆ. ಸರೀನಾ?

ಉತ್ತರ: ಈಗಿನ ಕಾದಂಬರಿಗೆ ಸರಿ. ಆದರೆ ಹಳೆಯ ತಪ್ಪೊಪ್ಪಿಗೆಗಳನ್ನು ಓದಿದರೆ ಅವನು ಬಿಸಿ ಅಲ್ಲ, ತಣ್ಣಗೆ ಇರುತ್ತಾನೆ! 1662ರಲ್ಲಿ ಸ್ಕಾಟ್ಲೆಂಡಿನ ಆಲ್ಡರ್ನ್ ಊರಿನ ರೈತನ ಹೆಂಡತಿ ಇಸೊಬೆಲ್ ಗೌಡಿ ನಾಲ್ಕು ಸಲ ಹೇಳಿಕೆ ಕೊಟ್ಟಳು. ಅದರಲ್ಲಿ ಸೈತಾನನ ಮೈ ಚಿಲುಮೆಯ ನೀರಿನ ಹಾಗೆ ತಣ್ಣಗಿತ್ತು ಅಂತ ಬರುತ್ತದೆ. ಅವಳೊಬ್ಬಳೇ ಅಲ್ಲ, ಎಷ್ಟೋ ಊರುಗಳ ಹೇಳಿಕೆಗಳಲ್ಲಿ ಈ ಚಳಿ ಇದೆ. ನಾನು ಮೊದಲು ಹೇಳಿದ ಮಾತು ನೆನಪಿದೆಯಾ? ಅವನಿಗೆ ಸ್ವಂತ ದೇಹ ಇಲ್ಲ, ಗಾಳಿಯಿಂದ ಕಟ್ಟಿಕೊಂಡದ್ದು. ಅದರಲ್ಲಿ ಬಿಸಿರಕ್ತ ಎಲ್ಲಿಂದ ಬರಬೇಕು.

ಹಾಗಾದರೆ ಬೆಂಕಿ ಯಾರದ್ದು? ಊರಿನವರದ್ದು. ಸೌದೆ ಒಟ್ಟಿದವರು ಮನುಷ್ಯರು. ಅದರಲ್ಲೂ ಎಲ್ಲ ಕಡೆ ಸುಡಲಿಲ್ಲ. ಇಂಗ್ಲೆಂಡಿನಲ್ಲೂ ಸೇಲಂನಲ್ಲೂ ಮಾಟದ ಅಪರಾಧಕ್ಕೆ ಗಲ್ಲು. ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ ಮೊದಲು ಕತ್ತು ಹಿಸುಕಿ ಆಮೇಲೆ ಸುಡುತ್ತಿದ್ದರು. ಜರ್ಮನ್ ಪ್ರದೇಶಗಳಲ್ಲಿ ಚಿತೆ. ಹಾಗಾಗಿ ಸೇಲಂ ಕಥೆಯಲ್ಲಿ ನಾಯಕಿಯನ್ನು ಕಂಬಕ್ಕೆ ಕಟ್ಟಿ ಸುಡುವ ದೃಶ್ಯ ಬಂದರೆ ಅದು ತಪ್ಪು.

ನಿಮ್ಮ ಟಿಪ್ಪಣಿಯಲ್ಲಿ ಹೀಗೆ ಸೇರಿಸಿಕೊಳ್ಳಿ: ಹಳೆಯ ಕಥೆಯಲ್ಲಿ ಡೀಮನ್ ತಣ್ಣಗೆ, ಊರು ಬಿಸಿ. ಹೊಸ ಕಥೆಯಲ್ಲಿ ಬೆಂಕಿಯನ್ನು ಊರಿನ ಕೈಯಿಂದ ಕಿತ್ತು ಪ್ರಿಯಕರನ ಮೈಗೆ ಕೊಟ್ಟಿದ್ದಾರೆ. ಅವಳನ್ನು ಸುಡಬೇಕಿದ್ದ ಬೆಂಕಿಯೇ ಅವಳನ್ನು ಬೆಚ್ಚಗಿಡುವಂತೆ ಮಾಡಿದ್ದಾರೆ. ನನಗಂತೂ ಈ ಬದಲಾವಣೆ ತುಂಬಾ ಚೆಂದ ಅನ್ನಿಸುತ್ತದೆ. ಆದರೂ ಒಬ್ಬರಾದರೂ ಆ ತಣ್ಣನೆಯ ಡೀಮನ್‌ನನ್ನು ಇಟ್ಟುಕೊಂಡು, ಅವಳ ಅಂಗೈ ಮುಟ್ಟಿ ಮುಟ್ಟಿ ಅವನು ನಿಧಾನಕ್ಕೆ ಬೆಚ್ಚಗಾಗುವ ಕಥೆ ಬರೆದರೆ ಓದಬೇಕು ಅಂತ ಆಸೆ.

ಪ್ರಶ್ನೆ: ಅವನು ಮುಟ್ಟಿದ ಜಾಗದಲ್ಲಿ ಅವಳ ಚರ್ಮದ ಮೇಲೆ ಗುರುತು ಮೂಡುತ್ತದೆ, ‘ನೀನು ನನ್ನವಳು’ ಅಂತ. ನನಗೆ ಇದು ತುಂಬಾ ಇಷ್ಟ. ನನ್ನ ಗೆಳತಿಗೆ ಮಾತ್ರ ಹಿಂಸೆಯಾಗುತ್ತದಂತೆ. ಯಾರು ಸರಿ?

ಉತ್ತರ: ಇಬ್ಬರೂ. ಆದರೆ ನಿಮ್ಮ ಗೆಳತಿಗೆ ಯಾಕೆ ಹಿಂಸೆಯಾಗುತ್ತದೆ ಅಂತ ಹೇಳುತ್ತೇನೆ, ಕೇಳಿ. ಅಂದು ಆರೋಪ ಬಂದ ಹೆಂಗಸಿನ ಬಟ್ಟೆ ಬಿಚ್ಚಿಸಿ, ಕೂದಲು ಬೋಳಿಸಿ, ಮೈಮೇಲೆ ‘ಸೈತಾನನ ಗುರುತು’ ಹುಡುಕುತ್ತಿದ್ದರು. ಮಚ್ಚೆ, ನರುಳ್ಳೆ, ಹಳೆಯ ಗಾಯದ ಕಲೆ, ಏನಾದರೂ ಆಗುತ್ತಿತ್ತು. ಅಲ್ಲಿಗೆ ಉದ್ದನೆಯ ಸೂಜಿ ಚುಚ್ಚುವುದು. ನೋವಾಗಲಿಲ್ಲ, ರಕ್ತ ಬರಲಿಲ್ಲ ಅಂದರೆ ಅವಳು ಅವನವಳು. ಬೆಳಗಿನಿಂದ ಚುಚ್ಚಿಸಿಕೊಂಡು ಮರಗಟ್ಟಿ ಹೋದ ಹೆಂಗಸು ಕೊನೆಯ ಚುಚ್ಚಿಗೆ ಕೂಗದೆ ಸುಮ್ನೆ ಇದ್ದರೆ, ಆ ಮೌನವೇ ಸಾಕ್ಷಿ. ಸ್ಕಾಟ್ಲೆಂಡಿನಲ್ಲಿ ಇದನ್ನೇ ಕಸುಬು ಮಾಡಿಕೊಂಡವರಿದ್ದರು, ದುಡ್ಡು ತಗೊಂಡು ಊರೂರು ತಿರುಗುತ್ತಿದ್ದರು. 1662ರಲ್ಲಿ ಜಾನ್ ಡಿಕ್ಸನ್ ಎಂಬ ಹೆಸರಿನಲ್ಲಿ ಈ ಕೆಲಸ ಮಾಡುತ್ತಿದ್ದ ಒಬ್ಬ, ಆಮೇಲೆ ನೋಡಿದರೆ ಗಂಡಸಿನ ವೇಷ ತೊಟ್ಟ ಕ್ರಿಶ್ಚಿಯನ್ ಕ್ಯಾಡೆಲ್ ಎಂಬ ಹೆಂಗಸು!

ಆ ಸೂಜಿಯ ಗುರುತೇ ಇವತ್ತಿನ ಪ್ರೇಮದ ಗುರುತು ಆಗಿದೆ. ಹಾಗಾಗಿ ನಾನು ನೋಡುವುದು ಒಂದು ಸಣ್ಣ ವಿವರ. ಗುರುತು ಅವಳೊಬ್ಬಳ ಮೈಮೇಲೆ ಬೀಳುತ್ತದೋ, ಅವನ ಮೇಲೂ ಬೀಳುತ್ತದೋ? ಅವಳು ನಿದ್ದೆಯಲ್ಲಿರುವಾಗ ಮೂಡಿತೋ, ಎಚ್ಚರವಾಗಿ ಕೈ ಚಾಚಿದಾಗಲೋ? ನಿಮ್ಮ ಕಾದಂಬರಿಯಲ್ಲಿ ಅವಳು ಕೈ ಚಾಚಿದ್ದರೆ ನಿಮ್ಮ ಗೆಳತಿಗೂ ಅದನ್ನು ಓದಲು ಕೊಡಿ.

ಪ್ರಶ್ನೆ: ಬೆಕ್ಕು, ಪೊರಕೆ, ಕಪ್ಪೆ. ಇವಕ್ಕೆ ಏನಾದರೂ ಅರ್ಥ ಇದೆಯಾ, ಸುಮ್ನೆ ಅಲಂಕಾರವಾ?

ಉತ್ತರ: ಚುಟುಕಾಗಿ ಹೇಳುತ್ತೇನೆ. ಪೊರಕೆಯ ಮೇಲೆ ಹಾರುವ ಹೆಂಗಸರ ಚಿತ್ರ 1451ರ ಒಂದು ಫ್ರೆಂಚ್ ಹಸ್ತಪ್ರತಿಯ ಅಂಚಿನಲ್ಲಿ ಸಿಗುತ್ತದೆ. ಮನೆಯೊಳಗೆ ಕಟ್ಟಿಹಾಕುವ ವಸ್ತುವಿನ ಮೇಲೇ ಕೂತು ಮನೆ ಬಿಟ್ಟು ಹಾರುವುದು. ಇದಕ್ಕೆ ಹೆಚ್ಚಿನ ವಿವರಣೆ ಬೇಡ ಅಲ್ವಾ? ಬೆಕ್ಕು, ನಾಯಿ, ಇಲಿಗಳ ರೂಪದಲ್ಲಿ ಡೀಮನ್ ಜೊತೆಗಿರುತ್ತಾನೆ ಎಂಬುದು ಮುಖ್ಯವಾಗಿ ಇಂಗ್ಲೆಂಡಿನ ನಂಬಿಕೆ. 1640ರ ದಶಕದಲ್ಲಿ ಮಾಟಗಾತಿಯರನ್ನು ಬೇಟೆಯಾಡಿದ ಮ್ಯಾಥ್ಯೂ ಹಾಪ್ಕಿನ್ಸ್ ಬರೆದ ಪಟ್ಟಿಯಲ್ಲಿ ವಿನೆಗರ್ ಟಾಮ್, ಪೈವ್ಯಾಕೆಟ್ ಅಂತೆಲ್ಲ ಅವುಗಳ ಹೆಸರುಗಳಿವೆ. ಒಂಟಿ ಮುದುಕಿ ತನ್ನ ಬೆಕ್ಕಿನ ಜೊತೆ ಮಾತಾಡಿದ್ದೂ ತಪ್ಪಾಗುತ್ತಿತ್ತು. ಕಪ್ಪೆಗಳದ್ದು ಸ್ಪೇನಿನ ಬಾಸ್ಕ್ ಪ್ರದೇಶದ ಕಥೆ. ಅಲ್ಲಿ 1610ರ ಸುಮಾರಿನ ಹೇಳಿಕೆಗಳಲ್ಲಿ ಬಟ್ಟೆ ತೊಡಿಸಿದ ನೆಲಗಪ್ಪೆಗಳು ಬರುತ್ತವೆ. ಆ ಹೇಳಿಕೆಗಳನ್ನೆಲ್ಲ ತಿರುಗಿ ಪರಿಶೀಲಿಸಿದ ಸಲಾಝಾರ್ ಎಂಬ ಅಧಿಕಾರಿ, ಇವರ ಬಗ್ಗೆ ಮಾತಾಡಲು ಬರೆಯಲು ಶುರುಮಾಡುವ ತನಕ ಇಲ್ಲಿ ಮಾಟಗಾತಿಯರೇ ಇರಲಿಲ್ಲ ಅಂತ ವರದಿ ಕೊಟ್ಟ. ಆ ಕಾಲದಲ್ಲಿ ಅಂಥ ಮಾತು ಬರೆಯಲು ಧೈರ್ಯ ಬೇಕು.

ಪ್ರಶ್ನೆ: ನಾನು ಓದಿದ ಕಾದಂಬರಿಯ ಕೊನೆಯ ಟಿಪ್ಪಣಿಯಲ್ಲಿ 90 ಲಕ್ಷ ಹೆಂಗಸರನ್ನು ಸುಟ್ಟರು, ಎಲ್ಲರೂ ಸೂಲಗಿತ್ತಿಯರು, ನಾಟಿ ವೈದ್ಯೆಯರು ಅಂತ ಇದೆ. ನಿಜವೇ?

ಉತ್ತರ: ಅಲ್ಲ. ಇತಿಹಾಸಕಾರರ ಈಗಿನ ಅಂದಾಜು, ಸುಮಾರು 300 ವರ್ಷಗಳಲ್ಲಿ ಯುರೋಪಿನಲ್ಲಿ 40,000ದಿಂದ 60,000 ಜನರಿಗೆ ಮರಣದಂಡನೆ. 90 ಲಕ್ಷ ಎಂಬುದು 18ನೇ ಶತಮಾನದಲ್ಲಿ ಫೋಯ್ಕ್ಟ್ ಎಂಬ ಜರ್ಮನ್ ಒಬ್ಬ ಒಂದು ಊರಿನ ಲೆಕ್ಕ ಹಿಡಿದು ಇಡೀ ಯುರೋಪಿಗೆ ಗುಣಿಸಿ ತೆಗೆದ ಅಂಕಿ. ಸತ್ತವರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಂಗಸರು, ಅದು ನಿಜ. ಆದರೆ ಐಸ್‌ಲ್ಯಾಂಡಿನಲ್ಲಿ ಬಹುತೇಕ ಎಲ್ಲರೂ ಗಂಡಸರು. ಸೂಲಗಿತ್ತಿಯರೂ ಇದ್ದರು, ಆದರೆ ಅವರೇ ಗುರಿ ಎಂಬುದಕ್ಕೆ ದಾಖಲೆಗಳು ಒಪ್ಪುವುದಿಲ್ಲ.

ಸಂಖ್ಯೆ ಕಡಿಮೆಯಾದರೆ ನೋವು ಕಡಿಮೆಯಾಗುವುದಿಲ್ಲ. ಅಲ್ಲದೆ, ಎಲ್ಲರೂ ಜಾಣ ವೈದ್ಯೆಯರು ಅಂದುಬಿಟ್ಟರೆ ನಿಜವಾಗಿ ಸಿಕ್ಕಿಬಿದ್ದವರು ಮರೆಯಾಗುತ್ತಾರೆ. ಅವರು ಯಾರು? ಹೆಚ್ಚಾಗಿ ನೆರೆಮನೆಯವರ ಜೊತೆ ಜಗಳ ಇದ್ದವರು, ಬೇಡಲು ಬಂದವರು, ಗೊಣಗಿಕೊಂಡು ಹೋದವರು. 1612ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಪೆಂಡಲ್ ಕಡೆಯ ಅಲಿಝನ್ ಡಿವೈಸ್ ಎಂಬ ಬಡ ಹುಡುಗಿ ದಾರಿಯಲ್ಲಿ ಸಿಕ್ಕ ಒಬ್ಬ ವ್ಯಾಪಾರಿಯ ಹತ್ತಿರ ಗುಂಡುಸೂಜಿ ಕೇಳಿದಳು. ಅವನು ಗಂಟು ಬಿಚ್ಚಲಿಲ್ಲ. ಅವಳಿಗೆ ಸಿಟ್ಟು ಬಂತು. ಸ್ವಲ್ಪ ಹೊತ್ತಿಗೇ ಅವನು ಕುಸಿದು ಬಿದ್ದ, ಮೈಯ ಒಂದು ಭಾಗ ಬಿದ್ದುಹೋಯಿತು. ಇವತ್ತಾದರೆ ಪಾರ್ಶ್ವವಾಯು ಅನ್ನುತ್ತೇವೆ. ಆ ಹುಡುಗಿ ಮಾತ್ರ ತನ್ನ ಸಿಟ್ಟಿನ ಮಾತು ಕೇಳಿ ಕಪ್ಪು ನಾಯಿಯ ರೂಪದ ಡೀಮನ್ ಅವನನ್ನು ಹೊಡೆದ ಅಂತ ನಂಬಿದಳು, ಮಂಡಿಯೂರಿ ಅವನ ಕ್ಷಮೆ ಕೇಳಿದಳು. ಆಗಸ್ಟ್‌ನಲ್ಲಿ ಅವಳನ್ನು ಗಲ್ಲಿಗೆ ಹಾಕಿದರು.

ಈ ಕಾದಂಬರಿಗಳಲ್ಲಿ ಮಾಯಾಶಕ್ತಿ ಯಾವುದರ ಸಂಕೇತ ಅಂತ ಇನ್ನೂ ಮೂವರು ಕೇಳಿದ್ದಾರೆ. ಅವರಿಗೂ ಇದೇ ಉತ್ತರ. ಸಿಟ್ಟಿನ ಸಂಕೇತ. ಬಡವಳ ಸಿಟ್ಟಿಗೆ ಏನೂ ಬೆಲೆ ಇಲ್ಲದ ಊರಿನಲ್ಲಿ, ಅವಳ ಸಿಟ್ಟಿಗೆ ನಿಜವಾಗಿ ಬಲ ಇದ್ದಿದ್ದರೆ ಎಂಬ ಭಯ ಆರೋಪವಾಯಿತು. ಅದೇ ಯೋಚನೆ ಈಗ ಆಸೆಯಾಗಿ ಕಾದಂಬರಿಯಾಗಿದೆ.

ಪ್ರಶ್ನೆ: ನನ್ನ ಮಗಳು ಇಂಥವನ್ನೇ ಓದುತ್ತಾಳೆ. ಸಾವಿರ ವರ್ಷದ ಡೀಮನ್, ಹತ್ತೊಂಬತ್ತರ ಹುಡುಗಿ, ಅವನು ಅಸೂಯೆಯಿಂದ ಎಲ್ಲರನ್ನೂ ಕೊಲ್ಲುತ್ತಾನೆ, ಅವಳು ಅದನ್ನೇ ಪ್ರೀತಿ ಅಂದುಕೊಳ್ಳುತ್ತಾಳೆ. ನಾನು ಚಿಂತೆ ಮಾಡಬೇಕಾ?

ಉತ್ತರ: ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಅಸೂಯೆಯ ಡೀಮನ್ ಹೊಸಬನಲ್ಲ. ಕ್ಯಾಥೊಲಿಕ್ ಬೈಬಲ್ಲಿನ ಭಾಗವಾದ ತೋಬಿತನ ಗ್ರಂಥದಲ್ಲಿ ಅಸ್ಮೋದೇಯ ಎಂಬ ಡೀಮನ್ ಸಾರಾಳ ಏಳು ಗಂಡಂದಿರನ್ನು ಒಬ್ಬೊಬ್ಬರನ್ನಾಗಿ ಮದುವೆಯ ರಾತ್ರಿಯೇ ಕೊಲ್ಲುತ್ತಾನೆ. ಆದರೆ ಅಲ್ಲಿ ಸಾರಾಳಿಗೆ ಅದು ಪ್ರೀತಿ ಅನ್ನಿಸುವುದಿಲ್ಲ. ಅವಳು ಸಾವು ಕೊಡು ಅಂತ ದೇವರನ್ನು ಬೇಡುತ್ತಾಳೆ. ಹಳೆಯ ಕಥೆಗಾರರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು.

ಸ್ಕಾಟ್ಲೆಂಡಿನ ಎರಡು ಹಳೆಯ ಲಾವಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಹಳೆಯ ಪ್ರಿಯಕರ ಹಡಗು ತಂದು, ಬಡಗಿ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಬಾ ಅನ್ನುತ್ತಾನೆ. ಅವಳು ಹೊರಡುತ್ತಾಳೆ. ದಡ ದೂರವಾದ ಮೇಲೆ ಅವನ ಸೀಳಿದ ಗೊರಸು ಅವಳ ಕಣ್ಣಿಗೆ ಬೀಳುತ್ತದೆ. ಇನ್ನೊಂದರಲ್ಲಿ ಟಾಮ್ ಲಿನ್ ಎಂಬುವನು ಯಕ್ಷಿಣಿ ರಾಣಿಯ ಹಿಡಿತದಲ್ಲಿದ್ದಾನೆ, ಅವನನ್ನು ನರಕಕ್ಕೆ ಕಪ್ಪವಾಗಿ ಕೊಡುವ ಹೊತ್ತು ಬಂದಿದೆ. ಅವನು ಹುಡುಗಿಗೆ ಮುಂಚೆಯೇ ಎಲ್ಲ ಹೇಳುತ್ತಾನೆ. ನಿನ್ನ ತೋಳಿನಲ್ಲಿ ನಾನು ಹಾವಾಗುತ್ತೇನೆ, ಕಾದ ಕಬ್ಬಿಣವಾಗುತ್ತೇನೆ, ಉರಿಯುವ ಕೆಂಡವಾಗುತ್ತೇನೆ, ಬಿಡಬೇಡ ಅನ್ನುತ್ತಾನೆ. ಅವಳು ಎಲ್ಲ ಗೊತ್ತಿದ್ದೇ ಹೋಗಿ ಹಿಡಿದುಕೊಳ್ಳುತ್ತಾಳೆ. ಎರಡರಲ್ಲೂ ಅಪಾಯ ಇದೆ. ಒಬ್ಬ ಕಾಲು ಮುಚ್ಚಿಕೊಂಡು ಬಂದ, ಇನ್ನೊಬ್ಬ ಬಾಯಿ ಬಿಟ್ಟು ಹೇಳಿದ.

ಪುಸ್ತಕ ಕಿತ್ತುಕೊಳ್ಳಬೇಡಿ ಅಂತ ನನ್ನ ಕೋರಿಕೆ. ಬೇಕಾದರೆ ನೀವೂ ಒಂದು ಓದಿ. ಆಮೇಲೆ ಮಗಳನ್ನು ಕೇಳಿ: ನಿನ್ನ ಡೀಮನ್ ತನ್ನ ಗೊರಸನ್ನು ಎಷ್ಟನೇ ಅಧ್ಯಾಯದಲ್ಲಿ ತೋರಿಸಿದ? ಅವಳು ಅದನ್ನು ನೋಡಿದ ಮೇಲೆ ಬೇಡ ಅಂದಿದ್ದರೆ ಅವನು ಹೋಗುತ್ತಿದ್ದನಾ? ನಿಮ್ಮ ಮಗಳು ನೀವಂದುಕೊಂಡದ್ದಕ್ಕಿಂತ ಚೆನ್ನಾಗಿ ಉತ್ತರ ಕೊಡಬಹುದು.

ಪ್ರಶ್ನೆ: ನಿಜವಾದ ಹೆಸರು ಗೊತ್ತಾದರೆ ಡೀಮನ್ ವಶವಾಗುತ್ತಾನೆ ಅಂತ ಬರುತ್ತದಲ್ಲ, ಅದು ಎಲ್ಲಿಂದ ಬಂತು?

ಉತ್ತರ: ಚರ್ಚಿನ ಉಚ್ಚಾಟನೆಯಿಂದ. 1614ರ ರೋಮನ್ ವಿಧಿ ಪುಸ್ತಕದಲ್ಲೂ ಪಾದ್ರಿ ಡೀಮನ್‌ನ ಹೆಸರು ಕೇಳಬೇಕು ಅಂತಿದೆ. ಹೆಸರು ಕೊಟ್ಟವನು ಸಿಕ್ಕಿಬಿದ್ದ. ಆದರೆ ವಿಚಾರಣೆಗಳಲ್ಲಿ ಇದು ತಿರುಗುಮುರುಗಾಗಿತ್ತು, ಅಲ್ಲಿ ಡೀಮನ್ನೇ ಮನುಷ್ಯರಿಗೆ ಹೊಸ ಹೆಸರಿಡುತ್ತಿದ್ದ. ಯೂನಿಯಸ್‌ಗೆ ‘ಕ್ರಿಕ್ಸ್’ ಅಂತ ಹೆಸರಿಟ್ಟರಂತೆ, ಅವನ ಡೀಮನ್ ಪ್ರೇಯಸಿಯ ಹೆಸರು ‘ಹೆಣ್ಣು ನರಿ’ಯಂತೆ. ಪಾಪ, ಇವನ್ನೂ ಅವನೇ ಕೂತು ಯೋಚಿಸಿ ಕಟ್ಟಬೇಕಾಯಿತು. ಪ್ರೇಮಕಥೆಯಲ್ಲಿ ಡೀಮನ್ ತಾನಾಗಿಯೇ ಹೆಸರು ಹೇಳುವ ಪುಟ ಬಂದರೆ ನಿಧಾನವಾಗಿ ಓದಿ. ತನ್ನನ್ನು ಕಟ್ಟಿಹಾಕುವ ಹಗ್ಗವನ್ನು ಅವನೇ ಅವಳ ಕೈಗೆ ಕೊಡುತ್ತಿದ್ದಾನೆ. ಐ ಲವ್ ಯೂ ಅನ್ನುವುದಕ್ಕಿಂತ ದೊಡ್ಡ ಮಾತು ಅದು.

ಪ್ರಶ್ನೆ: ಮೇಡಂ, ನಾನೂ ಇಂಥ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1692, ಊರು ಸೇಲಂ. ಕೊನೆಯಲ್ಲಿ ಡೀಮನ್ ಬಂದು ಜೈಲಿನ ಗೋಡೆ ಒಡೆದು ನಾಯಕಿಯನ್ನು ಎತ್ತಿಕೊಂಡು ಹೋಗುತ್ತಾನೆ. ಏನಾದರೂ ಸಲಹೆ?

ಉತ್ತರ: ಗೋಡೆ ಒಡೆಯಲಿ, ನನಗೂ ಅದನ್ನು ಓದಲು ಇಷ್ಟ. ಒಂದೇ ಸಲಹೆ. ಆ ಜೈಲಿನಲ್ಲಿ ನಿಮ್ಮ ನಾಯಕಿ ಒಬ್ಬಳೇ ಇರಲಿಲ್ಲ. ಡೊರೊತಿ ಗುಡ್ ಅಂತ ಸುಮಾರು ನಾಲ್ಕು ವರ್ಷದ ಮಗು ಇತ್ತು. ಅದರ ಮೇಲೂ ಮಾಟದ ಆರೋಪ. ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ಒಳಗಿಟ್ಟಿದ್ದರು, ಸರಪಳಿ ಹಾಕಿ. ಅದರ ತಾಯಿ ಸಾರಾ ಗುಡ್‌ಳನ್ನು ಜುಲೈನಲ್ಲಿ ಗಲ್ಲಿಗೆ ಹಾಕಿದರು. 1710ರಲ್ಲಿ ಅದರ ತಂದೆ ಪರಿಹಾರ ಕೇಳಿ ಅರ್ಜಿ ಕೊಟ್ಟಾಗ, ಮಗಳು ಆಮೇಲೆ ಸರಿಹೋಗಲೇ ಇಲ್ಲ ಎಂದು ಬರೆದ.

ಗೋಡೆ ಒಡೆದಾಗ ನಿಮ್ಮ ನಾಯಕಿಯ ಎರಡು ಕೈಗಳೂ ಡೀಮನ್‌ನ ಕುತ್ತಿಗೆಯ ಸುತ್ತ ಇರುತ್ತವೋ, ಒಂದು ಕೈಯಲ್ಲಿ ಆ ಮಗು ಇರುತ್ತದೋ, ಅದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಹಿಂದಿನ ಅಧ್ಯಾಯಗಳನ್ನು ತಿದ್ದಲು ಕೂರಿ. ಬರೆದು ಮುಗಿದ ಮೇಲೆ ಕಳಿಸಿ, ಓದುತ್ತೇನೆ.